ಸಪ್ಪಲಮ್ಮನ ಬಾಯಿ

"ಏಳೋ ಬೋಳಿಮಗ್ನೆ. ಬೆಳಗ್ಗೇನೇ ಹಾಕ್ಕಂಡ್ ಬಂದು ಇಲ್ಲಿ ಮಲಗವ್ನೆ ನೋಡು, ಅತ್ತೆ ಮನೇಲಿ ಮಲಗ್ದಂಗೆ."

ಮೇಸ್ತ್ರಿ ಗಂಗಣ್ಣ ಆವಲಪ್ಪನ ಪಕ್ಕೆಗೆ ಕಾಲಿನಿಂದ ತಿವಿದ. ಆವಲಪ್ಪ ಏಳಲಿಲ್ಲ. ದ್ರಾಕ್ಷಿ ಚಪ್ಪರದ ಎರಡು ಕಲ್ಲುಕಂಬಗಳ ನಡುವೆ ಮಗ್ಗುಲಾಗಿ ಬಿದ್ದಿದ್ದ. ಹುಳಕ್ಕೆ ಹೊಡೆಯುವ ಔಷಧಿ ಡಬ್ಬ ಇನ್ನೂ ಬೆನ್ನಿಗೇ ಇತ್ತು. ಕೈಯಿಂದ ಜಾರಿದ ಕೊಳವೆಯ ತುದಿಯಿಂದ ಹನಿಗಳು ಮಣ್ಣಿಗೆ ಬೀಳುತ್ತಿದ್ದವು.

ಪಕ್ಕದ ಸಾಲಿನಲ್ಲಿ ಎಲೆ ಕೀಳುತ್ತಿದ್ದ ಅವನ ಹೆಂಡತಿ ಮುನಿತಾಯಮ್ಮ ಓಡಿಬಂದಳು. ಗಂಡನ ಬಾಯಲ್ಲಿ ನೊರೆ ಇತ್ತು. ಮೈಮೇಲೆ ನೀರು ಹುಯ್ದಂತೆ ಬೆವತಿದ್ದ. ಮೀನಖಂಡ ತನಗೆ ತಾನೇ ಹಾರುತ್ತಿತ್ತು. ರೆಪ್ಪೆ ಎತ್ತಿ ನೋಡಿದರೆ ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

"ಕುಡಿದಿಲ್ಲ ಕಣಣ್ಣ. ಇವ್ನು ಸಂತೆ ದಿನ ಬಿಟ್ರೆ ಮುಟ್ಟಲ್ಲ. ಇವತ್ತೆಲ್ಲಿ ಸಂತೆ?"

"ಮೂಸಿ ನೋಡೇ ಬಾಯ್ನ."

ಮೂಸಿದಳು. ಸಾರಾಯಿಯ ವಾಸನೆ ಇರಲಿಲ್ಲ. ಬೆಳ್ಳುಳ್ಳಿಯಂಥ ಒಂದು ವಾಸನೆ ಬಂತು. ಔಷಧಿಯ ವಾಸನೆಯೂ ಅದೇ ಎಂಬುದು ತೋಟದಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿತ್ತು. ದ್ರಾಕ್ಷಿಯ ಎಲೆ, ಗೊಂಚಲು ಎಲ್ಲ ಇರುವುದು ತಲೆಯ ಮೇಲೆ. ಹೊಡೆಯುವವನು ಮುಖ ಮೇಲೆತ್ತಿ ಹೊಡೆಯಬೇಕು. ಮೇಲೆ ಹೋದದ್ದರಲ್ಲಿ ಎಷ್ಟೋ ಪಾಲು ಅವನ ಮುಖಕ್ಕೇ ಇಳಿಯುತ್ತದೆ.

ದೊಡ್ಡಬಳ್ಳಾಪುರದ ಆಸ್ಪತ್ರೆಗೆಂದು ಗಾಡಿ ಕಟ್ಟಿದರು. ಗಾಡಿ ಕೆರೆಕೋಡಿ ದಾಟುವ ಮೊದಲೇ ಆವಲಪ್ಪನ ಉಸಿರು ನಿಂತಿತು. ತೋಟದ ಒಡೆಯ ಅಪ್ಪಯ್ಯಣ್ಣ ಸೈಕಲ್ಲಿನಲ್ಲಿ ಹಿಂದೆ ಬಂದವನು, ಗಾಡಿಯನ್ನು ಅಲ್ಲಿಂದಲೇ ಕೇರಿಗೆ ತಿರುಗಿಸಿದ.

"ಆಗಿದ್ದಾಯ್ತು," ಎಂದ. "ಯಾರಾನ ಕೇಳಿದ್ರೆ ಕುಡಿದಿದ್ದ ಅನ್ರಿ. ಔಷ್ದಿ ಅಂತ ಯಾವನ ಬಾಯಲ್ಲಾನ ಬಂತೋ, ಪೋಲೀಸ್ನೋರು ತೋಟಕ್ಕೆ ಬೀಗ ಜಡೀತಾರೆ. ಆಮೇಲೆ ನನ್ನಟ್ಟಿ ಮುಂದೆ ಬಂದು ಮುದ್ದೆ ಕೇಳ್ಬೇಡಿ."

ಯಾರ ಬಾಯಲ್ಲೂ ಬರಲಿಲ್ಲ. ಅದು ಎಪ್ಪತ್ತೆರಡನೇ ಇಸವಿ. ಹಿಂದಿನ ವರ್ಷದ ರಾಗಿ ಕೇರಿಯ ಯಾವ ಮನೆಯಲ್ಲೂ ಉಳಿದಿರಲಿಲ್ಲ.

ಆದರೆ ಚಪ್ಪರದೊಳಕ್ಕೆ ಹೋಗಲು ಆಳುಗಳು ಹೆದರಿದರು. ಆವಲಪ್ಪ ಗಾಳಿಯಾಗಿ ಅಲ್ಲೇ ಸುತ್ತುತ್ತಾನೆ ಎಂದು ಹೆಂಗಸರು ಬೇಲಿಯ ಆಚೆಯೇ ನಿಂತರು. ಗೊಂಚಲಿಗೆ ಬಿಳಿ ಹುಳ ಹತ್ತಿತ್ತು. ಹಣ್ಣು ಕೊಳ್ಳುವ ಬೆಂಗಳೂರಿನ ಸಾಬಿಯ ಲಾರಿ ಇಷ್ಟರಲ್ಲೇ ಬರಬೇಕಿತ್ತು. ಹನ್ನೊಂದನೆಯ ದಿನದ ತಿಥಿ ಕಳೆಯುವವರೆಗೆ ಕಾದು, ಅಪ್ಪಯ್ಯಣ್ಣ ಸಪ್ಪಲಮ್ಮನನ್ನು ಕೇಳಿಸಲು ಹೇಳಿಕಳಿಸಿದ.

ಸಪ್ಪಲಮ್ಮ ಎಂದರೆ ತೋಟದ ಅಂಚಿನ ಬೇವಿನ ಮರದ ಕೆಳಗಿರುವ ಒಂದು ಕಲ್ಲು. ಗೋಡೆ ಇಲ್ಲ, ಬಾಗಿಲಿಲ್ಲ. ಆದ್ದರಿಂದ ಯಾರು ಒಳಗೆ, ಯಾರು ಹೊರಗೆ ಎಂಬ ಮಾತಿಲ್ಲ. ಅವಳು ಗೌಡರ ಹೆಂಗಸರ ಮೈಮೇಲೆ ಬಂದದ್ದೇ ಇಲ್ಲ. ಬರುವುದು ಕೇರಿಯವರ ಮೇಲೆ. ಕೆಲವು ವರ್ಷಗಳಿಂದ ಮುನಿತಾಯಮ್ಮನ ಮೇಲೆ ಬರುತ್ತಿದ್ದಳು. ಬಂದಾಗ ಗೌಡರನ್ನೆಲ್ಲ ಹೋಗೋ ಬಾರೋ ಎಂದೇ ಮಾತಾಡಿಸುವಳು. ಗೌಡರು ಚಪ್ಪಲಿ ಬಿಟ್ಟು ಅವಳ ಕಾಲಿಗೆ ಬೀಳುವರು. ಅಮ್ಮ ಇಳಿದು ಹೋದ ಮೇಲೆ ಮುನಿತಾಯಮ್ಮ ಎದ್ದು ತಾನು ನಿಲ್ಲುವಷ್ಟು ದೂರಕ್ಕೆ ಹೋಗಿ ನಿಲ್ಲುವಳು.

ಮಂಗಳವಾರ ಇಳಿಹೊತ್ತಿಗೆ ಎಲ್ಲರೂ ಸೇರಿದರು. ಪೂಜಾರಿ ಲಕ್ಷ್ಮಯ್ಯ ಸಾಂಬ್ರಾಣಿ ಹಾಕಿದ. ಆವಲಪ್ಪನ ತಮ್ಮ ಬೈಲಪ್ಪ ಮತ್ತಿಬ್ಬರು ತಮಟೆ ಹೊಡೆದರು. ಮುನಿತಾಯಮ್ಮನ ತುರುಬು ಬಿಚ್ಚಿ ಅರಿಶಿನದ ನೀರು ಹುಯ್ದು ಕೂರಿಸಿದ್ದರು. ಅವಳ ಹೆಗಲು ಮೊದಲು ಅದುರಿತು, ಆಮೇಲೆ ತಲೆ ತೂಗತೊಡಗಿತು.

"ತೋಟದಾಗೆ ಒಂದು ಜೀವ ಹೋಯ್ತು ತಾಯಿ," ಅಪ್ಪಯ್ಯಣ್ಣ ಕೈ ಮುಗಿದ. "ಏನು ತಪ್ಪು ನಡೀತು ಹೇಳ್ಬಿಡು. ಕೋಳಿ ಬೇಕಾ, ಕುರಿ ಬೇಕಾ?"

"ಲೋ ಅಪ್ಪಯ್ಯ."

"ತಾಯಿ."

"ನನ್ ಮಗನ್ನ ಕೊಂದ್ಯಲ್ಲೋ. ಆ ಡಬ್ಬದಾಗಿರೋ ವಿಷ ಮುಖಕ್ಕೆ ಹುಯ್ಸಿ ಕೊಂದೆ. ಕುಡಿದು ಸತ್ತ ಅಂತ ನನ್ ಮಕ್ಕಳ ಬಾಯಿಗೆ ಮಣ್ಣು ತುಂಬ್ದೆ. ಇನ್ನೊಬ್ಬನ ಬೆನ್ನಿಗೆ ಆ ಡಬ್ಬ ಕಟ್ಟಿ ನೋಡು, ನಿನ್ನಟ್ಟಿ ಹೊಸ್ಲು ದಾಟಿ ಬರ್ತೀನಿ."

ತಮಟೆ ನಿಂತುಹೋಯಿತು. ಅಪ್ಪಯ್ಯಣ್ಣ ಉದ್ದಕ್ಕೆ ಬಿದ್ದ. ಪಂಚೆಗೆ ಕೆಮ್ಮಣ್ಣು ಹತ್ತಿತು.

"ಕಟ್ಟಲ್ಲ ತಾಯಿ. ನಿನ್ನಾಣೆ ಕಟ್ಟಲ್ಲ."

ಕೋಳಿ ಕುಯ್ದರು, ಕಾಯಿ ಒಡೆದರು. ಅಮ್ಮ ಇಳಿದಳು. ಮಾರನೆಯ ದಿನದಿಂದ ಆಳುಗಳು ಕೆಲಸಕ್ಕೆ ಬರುವುದೆಂದು ಮಾತಾಯಿತು.

ಮಾರನೆಯ ಬೆಳಿಗ್ಗೆ ಗಂಗಣ್ಣ ಡಬ್ಬ ತಂದು ಬೈಲಪ್ಪನ ಬೆನ್ನಿಗೆ ಕಟ್ಟುತ್ತಿದ್ದ. ಬೈಲಪ್ಪನಿಗೆ ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲ. ಅಣ್ಣನ ಅಳತೆಗಿದ್ದ ಪಟ್ಟಿ ಅವನಿಗೆ ಸಡಿಲವಾಗಿತ್ತು. ಗಂಗಣ್ಣ ಅದಕ್ಕೊಂದು ಗಂಟು ಹಾಕಿದ.

"ಗಂಗಣ್ಣ, ಅದುನ್ನ ಇಳ್ಸು," ಮುನಿತಾಯಮ್ಮ ಅಂದಳು. "ಗೌಡ್ರು ನೆನ್ನೆ ಮಾತು ಕೊಟ್ಟವ್ರೆ."

"ಯಾರಿಗೆ ಕೊಟ್ಟವ್ರೇ?"

ಅಪ್ಪಯ್ಯಣ್ಣ ಬಾವಿ ಕಟ್ಟೆಯ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದ. ಬೇವಿನ ಕಡ್ಡಿ ತೆಗೆದು ಉಗುಳಿದ.

"ಅಮ್ಮಂಗೆ ಕೊಟ್ಟೆ ಕಣೇ, ನಿಂಗಲ್ಲ. ಅಮ್ಮಂಗೂ ನಂಗೂ ಕೋಳಿ ಕೊಟ್ಟಾಗ ಲೆಕ್ಕ ಚುಕ್ತಾ ಆಯ್ತು. ಅಮ್ಮ ಬಂದು ಇನ್ನೊಂದ್ಸಲ ಕೇಳ್ಲಿ, ಇನ್ನೊಂದು ಕೊಡ್ತೀನಿ. ನೀನ್ಯಾವ ದೊಣ್ಣೆನಾಯ್ಕಿ?"

"ನೆನ್ನೆ ಕೇಳಿದ್ದೂ ನಾನೇ."

"ಏನಂದೆ?"

ಅಲ್ಲಿದ್ದ ಆಳುಗಳೆಲ್ಲ ಕೈ ನಿಲ್ಲಿಸಿದರು. ಮುನಿತಾಯಮ್ಮ ನಿಧಾನವಾಗಿ ಹೇಳಿದಳು. ಪ್ರತಿಸಲ ಅಮ್ಮ ಬಂದು ಹೋದ ಮೇಲೆ ಆಡಿದ ಮಾತನ್ನು ಬೇರೆಯವರೇ ಅವಳಿಗೆ ಹೇಳಬೇಕಿತ್ತು. ನೆನ್ನೆ ಹಾಗಾಗಿರಲಿಲ್ಲ.

"ಒಂದೊಂದು ಮಾತೂ ನೆಪ್ಪೈತೆ ಬುದ್ದಿ. ಅಮ್ಮ ಬರ್ಲಿಲ್ಲ. ಬರ್ತಾಳೆ, ಹೇಳ್ತಾಳೆ ಅಂತ ಕಾದೆ, ಬರ್ಲಿಲ್ಲ. ಅದಕ್ಕೆ ನಾನೇ ಅಂದೆ. ನನ್ ಗಂಡ ಔಷ್ದಿಯಿಂದ್ಲೇ ಸತ್ತ."

"ಅತ್ಗೆ, ಸುಮ್ಕಿರು," ಬೈಲಪ್ಪ ಅಂದ.

ಅಪ್ಪಯ್ಯಣ್ಣ ಮುಖ ತೊಳೆದುಕೊಂಡ. ಟವೆಲ್ಲಿನಿಂದ ಒರೆಸಿಕೊಂಡ. ನೆನ್ನೆ ಯಾರ ಕಾಲಿಗೆ ಬಿದ್ದೆ ಎಂದು ಅವನಿಗೆ ಹೊಳೆದದ್ದು ಟವೆಲ್ಲು ಹೆಗಲಿಗೆ ಹಾಕಿಕೊಳ್ಳುವ ಹೊತ್ತಿಗೆ ಇರಬೇಕು.

"ಹೊಲೆಮುಂಡೆ," ಎಂದ. "ನನ್ನ ನಿನ್ ಕಾಲಿಗೆ ಬೀಳುಸ್ಕಂಡ್ಯೇನೇ? ಗಂಗಣ್ಣ, ಇವಳ್ನ ಬೇಲಿ ಆಚೆ ಬಿಡು. ಅಮ್ಮನ್ ಬಾಯಿಗೆ ತನ್ ಎಂಜಲು ಮಾತು ಸೇರ್ಸವ್ಳೆ. ಇವಳ್ಗೆ ಯಾವನಾನ ಕೆಲ್ಸ ಕೊಡ್ಲಿ, ನಾನು ನೋಡ್ತೀನಿ."

ಗಂಗಣ್ಣ ಅವಳನ್ನು ಮುಟ್ಟಲಿಲ್ಲ. ಒಂದು ಕೋಲಿನ ತುದಿಯಿಂದ ನೂಕುತ್ತಾ ಬೇಲಿಯವರೆಗೆ ಕರೆದೊಯ್ದ. ಬೈಲಪ್ಪ ಮುಖ ಮೇಲೆತ್ತಿ ಮೊದಲನೆಯ ಸಾಲಿಗೆ ಹೊಡೆಯಲು ಶುರುಮಾಡಿದ.

ಸಂಜೆ ಕೇರಿಯಲ್ಲಿ ಅವಳ ಗುಡಿಸಲ ಮುಂದೆ ಜನ ಸೇರಿದರು. ಎಲ್ಲರಿಗಿಂತ ಹಿರಿಯಳಾದ ಮುತ್ತಮ್ಮ ಕೋಲೂರಿಕೊಂಡು ಬಂದಿದ್ದಳು. ಸಪ್ಪಲಮ್ಮ ಮುನಿತಾಯಮ್ಮನಿಗಿಂತ ಮೊದಲು ಬರುತ್ತಿದ್ದುದು ಅವಳ ಮೇಲೆ.

"ಏನೇ ಮಾಡ್ದೆ ನೀನು? ಅವ್ರು ಚಪ್ಲಿ ಬಿಟ್ಟು ನಮ್ ಕಾಲಿಗೆ ಬೀಳ್ತಿದ್ದಿದ್ದು ಅದೊಂದು ಗಳಿಗೆ. ಈ ಅಪ್ಪಯ್ಯಣ್ಣನ ಅಪ್ಪನ್ನ ಬೋಸುಡಿಮಗ್ನೆ ಅಂತ ಬಯ್ದಿದ್ದೀನಿ ಕಣೇ ನಾನು, ಕೈ ಮುಗ್ಕಂಡು ಬಯ್ಸ್ಕಂಡ. ಅದುಕ್ಕೂ ಕಲ್ಲು ಹಾಕ್ಬಿಟ್ಯಲ್ಲೇ. ಇನ್ಮೇಲೆ ಅಮ್ಮ ಬಂದ್ರೂ 'ನೀನೇ ಆಡ್ತಿದೀಯ' ಅಂತಾರೆ."

"ಅಜ್ಜಿ, ನಿನ್ ಮೇಲೆ ಬಂದಾಗ ನಿಂಗೆ ನೆಪ್ಪಿರ್ತಿರ್ಲಿಲ್ವಾ?"

ಮುತ್ತಮ್ಮ ಕೋಲಿನ ತುದಿಯಿಂದ ನೆಲ ಕೆದಕಿ, ಎದ್ದು ಹೋದಳು.

ಅಪ್ಪಯ್ಯಣ್ಣನ ಮಾತು ಬೇಗ ಹರಡಿತು. ಸುತ್ತಿನ ತೋಟಗಳಲ್ಲಿ ಮುನಿತಾಯಮ್ಮನಿಗೆ ಕೆಲಸ ಸಿಗಲಿಲ್ಲ. ಮನೆಯಲ್ಲಿ ಅತ್ತೆ ಪಾಪಮ್ಮ, ಬೈಲಪ್ಪ, ಅವಳು. ಬೈಲಪ್ಪ ಡಬ್ಬ ಹೊತ್ತರೆ ಮುದ್ದೆ. ಅವನನ್ನು ಬಿಡಿಸುವುದಕ್ಕೆಂದು ಬಾಯಿ ತೆರೆದವಳು, ಅವನು ಹೊತ್ತು ತಂದದ್ದನ್ನೇ ಉಣ್ಣುತ್ತಿದ್ದಳು. ಪಾಪಮ್ಮ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮುದ್ದೆ ಬಡಿಸುವಾಗ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಒಂದು ಸಂಜೆ ಬೈಲಪ್ಪ ಒಳಗೆ ಬಂದು ಕುಳಿತು ಕೇಳಿದ:

"ಅತ್ಗೆ, ದೀಪ ಯಾಕೆ ಹಚ್ಚಿಲ್ಲ?"

ದೀಪ ಅವನ ಮುಂದೆಯೇ ಉರಿಯುತ್ತಿತ್ತು. ಮುನಿತಾಯಮ್ಮ ಅದನ್ನೆತ್ತಿ ಅವನ ಮುಖದ ಬಳಿ ಹಿಡಿದು ಕಣ್ಣು ನೋಡಿದಳು. ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಮಾರನೆಯ ದಿನ ತೋಟದ ಬೇಲಿಯ ಹತ್ತಿರ ಹೋಗಿ ನಿಂತಳು. ಬಿಸಿಲು ಏರುವವರೆಗೂ ನಿಲ್ಲಿಸಿ, ಆಮೇಲೆ ಗಂಗಣ್ಣ ಬಂದ.

"ಗೌಡ್ರು ದೊಡ್ಡ ಮನ್ಸು ಮಾಡವ್ರೆ. ಮಂಗಳವಾರ ಅಮ್ಮನ ಮುಂದೆ ಕರ್ಪೂರ ಮುಟ್ಟಿ ಎರಡು ಮಾತು ಹೇಳು. ಅವತ್ತು ಮಾತಾಡಿದ್ದು ಅಮ್ಮ, ನಾನಲ್ಲ ಅನ್ನು. ಗಂಡ ಕುಡಿದು ಸತ್ತ ಅನ್ನು. ಬೈಲನ್ನ ಬುಟ್ಟಿ ಹೊರೋ ಕೆಲ್ಸಕ್ಕೆ ಹಾಕ್ತಾರೆ. ನೀನೂ ಬರ್ಬೋದು."

"ಔಷ್ದಿ ನಿಲ್ಲುಸ್ತಾರಾ?"

"ನಿಂಗೆ ಬೈಲ ಬೇಕಾ, ಔಷ್ದಿ ನಿಲ್ಬೇಕಾ? ಎರಡ್ರಾಗೆ ಒಂದು ಹೇಳು."

"ಬೈಲ," ಎಂದಳು ಮುನಿತಾಯಮ್ಮ.

ಮಂಗಳವಾರ ಅವಳು ತಲೆಗೆ ನೀರು ಹಾಕಿಕೊಂಡು, ಕೂದಲು ಒಣಗಿಸಿ, ಬಿಗಿಯಾಗಿ ತುರುಬು ಕಟ್ಟಿಕೊಂಡು ಹೋದಳು. ಬೇವಿನ ಮರದ ಕೆಳಗೆ ಊರೂ ಕೇರಿಯೂ ನೆರೆದಿತ್ತು. ಅಪ್ಪಯ್ಯಣ್ಣ ಈ ಸಲ ಚಪ್ಪಲಿ ಬಿಟ್ಟಿರಲಿಲ್ಲ. ಬೈಲಪ್ಪ ತಮಟೆ ಹಿಡಿದು ಮತ್ತಿಬ್ಬರ ಜೊತೆ ಒಂದು ಪಕ್ಕಕ್ಕೆ ನಿಂತಿದ್ದ. ಹೊಡೆಯುವುದು ಮಂಗಳಾರತಿಯ ಹೊತ್ತಿಗೆ ಎಂದು ಲಕ್ಷ್ಮಯ್ಯ ಹೇಳಿದ್ದ.

"ನಾಳೆಯಿಂದ ಬೈಲ ಬುಟ್ಟಿಗೆ," ಗಂಗಣ್ಣ ಎಲ್ಲರಿಗೂ ಕೇಳುವಂತೆ ಕೂಗಿದ. "ಡಬ್ಬ ಬೈರಣ್ಣಂಗೆ."

ಬೈರಣ್ಣ ಕೇರಿಯವನೇ, ಮುನಿರತ್ನಮ್ಮನ ಗಂಡ. ಅವನು ತಲೆ ತಗ್ಗಿಸಿದ. ಮುನಿರತ್ನಮ್ಮ ತಗ್ಗಿಸಲಿಲ್ಲ. ಮುನಿತಾಯಮ್ಮನನ್ನೇ ನೋಡುತ್ತಿದ್ದಳು.

ಲಕ್ಷ್ಮಯ್ಯ ಕರ್ಪೂರದ ತಟ್ಟೆ ಹಿಡಿದ. "ಹೇಳಮ್ಮ."

"ಅವತ್ತು ಮಾತಾಡಿದ್ದು ಅಮ್ಮ," ಮುನಿತಾಯಮ್ಮ ಅಂದಳು. "ನಾನಲ್ಲ."

"ಹೂಂ. ಇನ್ನೊಂದು?" ಅಂದ ಅಪ್ಪಯ್ಯಣ್ಣ.

ಕರ್ಪೂರ ಉರಿದು ಚಿಕ್ಕದಾಗುತ್ತಿತ್ತು.

"ನನ್ ಗಂಡ," ಎಂದು ಶುರುಮಾಡಿ ನಿಂತಳು. ಮುನಿರತ್ನಮ್ಮನ ಕಡೆ ನೋಡಿದಳು. ಆಮೇಲೆ ಸಂತೆಯಲ್ಲಿ ಸೊಪ್ಪಿನ ಬೆಲೆ ಹೇಳುವ ದನಿಯಲ್ಲಿ ಹೇಳಿದಳು: "ನನ್ ಗಂಡ ಕುಡಿದಿರ್ಲಿಲ್ಲ. ಬೆಳಗ್ಗೆ ಅಂಬ್ಲಿ ಕುಡ್ದು ಬಂದ. ಆರನೇ ಸಾಲು ಹೊಡೀತಾ ಕಣ್ಣು ಮಂಜಾಯ್ತು ಅಂದ. ಗಂಗಣ್ಣ ಬಿಡ್ಲಿಲ್ಲ. ಏಳನೇ ಸಾಲ್ನಾಗೆ ಬಿದ್ದ. ಬಾಯಲ್ಲಿ ಔಷ್ದಿ ವಾಸ್ನೆ ಇತ್ತು. ಬೈರಣ್ಣ, ನೀನು ಹೊರ್ಬೇಡ. ಯಾರೂ ಹೊರ್ಬೇಡಿ."

ಅಪ್ಪಯ್ಯಣ್ಣ ಒಂದು ಹೆಜ್ಜೆ ಮುಂದಿಟ್ಟ. ಅವನ ಕೈ ಎದ್ದಿತ್ತು.

ಆಗ ತಮಟೆಗೆ ಏಟು ಬಿತ್ತು. ಹೊಡೆ ಎಂದು ಯಾರೂ ಹೇಳಿರಲಿಲ್ಲ. ಬೈಲಪ್ಪ ಒಬ್ಬನೇ ಹೊಡೆಯುತ್ತಿದ್ದ, ಚರ್ಮ ಹರಿಯುವ ಹಾಗೆ. ಗೌಡನ ಎತ್ತಿದ ಕೈಯನ್ನು ನೋಡುತ್ತಾ ಹೊಡೆಯುತ್ತಿದ್ದ. ಮುತ್ತಮ್ಮ ಒಮ್ಮೆ ಬೈಲಪ್ಪನ ಮುಖ ನೋಡಿದಳು. ಕೋಲು ಬಿಸಾಡಿ, ಎರಡೂ ಕೈ ಎತ್ತಿ ಕೂಗಿದಳು:

"ಅಮ್ಮ ಬಂದ್ಲು! ಸಪ್ಪಲಮ್ಮ ಬಂದ್ಲು ಕಣ್ರೋ! ಅಡ್ಡ ಬೀಳ್ರೋ!"

ಮತ್ತಿಬ್ಬರ ತಮಟೆಯೂ ಸೇರಿತು. ಕೇರಿಯವರು ಬಿದ್ದರು. ಊರಿನವರು ಹಿಂದುಮುಂದು ನೋಡಿ, ಅವರೂ ಬಾಗಿದರು.

"ಅಮ್ಮ ಅಲ್ಲ," ಮುನಿತಾಯಮ್ಮ ಕೂಗಿದಳು. "ನಾನು ಮುನಿತಾಯಿ! ಆವಲಪ್ಪನ ಹೆಂಡ್ತಿ!"

"ಏನಂತೀಯ ತಾಯಿ?" ತಮಟೆಯ ಸದ್ದಿಗೆ ಕೇಳಿಸದೆ ಲಕ್ಷ್ಮಯ್ಯ ಕಿವಿಗೆ ಕೈಯಿಟ್ಟು ಬಾಗಿದ.

ಅಪ್ಪಯ್ಯಣ್ಣ ಸುತ್ತ ನೋಡಿದ. ಊರಿನವರಲ್ಲಿ ನಿಂತಿದ್ದವನು ತಾನೊಬ್ಬನೇ. ಎತ್ತಿದ ಕೈಗೆ ಇನ್ನೊಂದು ಕೈ ಸೇರಿಸಿದ. ಚಪ್ಪಲಿ ಬಿಟ್ಟ.

"ತಪ್ಪಾಯ್ತು ತಾಯಿ. ನೀನು ಹೇಳ್ದಂಗೇ ಆಗ್ಲಿ. ಕೋಳಿ ತರುಸ್ತೀನಿ."

ಪಾಪಮ್ಮ ಹಿಂದಿನಿಂದ ಬಂದು ಸೊಸೆಯ ತುರುಬು ಬಿಚ್ಚಿ ಕೂದಲನ್ನು ಬೆನ್ನಿಗೆ ಹರಡಿದಳು. "ಮಾತಾಡ್ಬೇಡ ಕಣವ್ವ, ತೂಗು, ತೂಗು," ಎಂದು ಕಿವಿಯಲ್ಲಿ ಹೇಳುತ್ತಾ ಅತ್ತಳು. ಯಾರೋ ಅರಿಶಿನದ ನೀರು ಹುಯ್ದರು. ಮುನಿತಾಯಮ್ಮ ತೂಗಲಿಲ್ಲ. ನೆಟ್ಟಗೆ ನಿಂತು, ಎರಡೂ ಕೈ ಹಿಂದಕ್ಕೆ ಒಯ್ದು, ತೊಯ್ದ ಕೂದಲನ್ನು ಬಾಚಿ ಹಿಡಿದು ಮತ್ತೆ ತುರುಬು ಕಟ್ಟಿದಳು. ಎರಡು ಕೈ ಬಂದು ಬಿಚ್ಚಿದವು. ಮತ್ತೆ ಕಟ್ಟಿದಳು. ಈ ಸಲ ಎಷ್ಟೋ ಕೈಗಳು ಬಂದವು. ಅವಳ ತುಟಿ ಅಲ್ಲಾಡುತ್ತಲೇ ಇತ್ತು.