ಕೆಂಪು ವಲ್ಲಿ

ರಾಧಿಕಾ ಗಂಡನ ಕೈ ಹಿಡಿದು ಕರೆತಂದು ಚಹಾದಂಗಡಿಯ ಬಾಕಿನ ಮೇಲೆ ಕೂಡಿಸಿದಳು. ಅವನ ಅಂಗಿಯ ಗುಂಡಿ ಸರಿಮಾಡಿದಳು.

"ನೋಡ್ಕೊಂಡಿರ್ರಿ ಮಾವ. ರೋಡಿಗಿ ಹೋದಾರು. ನಾ ತೊಗರಿ ಕೊಯ್ಯಾಕ ಹೊಂಟೇನಿ."

ಹುಲೆಪ್ಪ ತಲೆಯಾಡಿಸಿದ. ಸೊಸೆ ಅವನ ಕೂಡ ದಿನಕ್ಕೆ ಆಡುವ ಮಾತು ಇಷ್ಟೇ. ಎಂಟು ತಿಂಗಳಾಯಿತು.

ಕಡಗಂಚಿಗಿಂತ ಈಚೆಗೆ, ಆಳಂದದ ರಸ್ತೆ ಹೊರಳುವಲ್ಲಿ ಹುಲೆಪ್ಪನ ಅಂಗಡಿ. ಅಲ್ಲಿ ನಿಂತರೆ ಹೊರಳಿನ ಎರಡೂ ಕಡೆ ಕಾಣುತ್ತದೆ. ಆಚೆ ಬೇವಿನ ಗಿಡದ ಕೆಳಗೆ ಪೊಲೀಸರು ಬಂದು ನಿಂತರೆಂದರೆ ಹುಲೆಪ್ಪ ಬೆವರು ಒರೆಸಲು ಹೆಗಲ ಮೇಲೆ ಹಾಕಿಕೊಂಡ ಕೆಂಪು ವಲ್ಲಿಯನ್ನು ಅಂಗಡಿ ಮುಂದಿನ ಬಿದಿರಿನ ಗಳಕ್ಕೆ ಏರಿಸುತ್ತಿದ್ದ. ಈಚೆಯಿಂದ ಬರುವ ಗಾಡಿಯವರು ಅದನ್ನು ನೋಡಿ, ಮೊಣಕೈಗೆ, ಕನ್ನಡಿಗೆ ತೂಗಿಬಿಟ್ಟ ಹೆಲ್ಮೆಟ್ ತಲೆಗೆ ಹಾಕಿಕೊಳ್ಳುತ್ತಿದ್ದರು. ವಲ್ಲಿ ಇಳಿದಿದ್ದರೆ ಹಾದಿ ಬಯಲು. ಸುತ್ತ ಹತ್ತು ಹಳ್ಳಿಗೆ ಈ ಗುಟ್ಟು ಗೊತ್ತಿತ್ತು. ಅವನ ಕೈಯ ಚಹಾ ಕುಡಿಯುವ ಪೊಲೀಸರಿಗೆ ಮಾತ್ರ ಗೊತ್ತಿರಲಿಲ್ಲ. ಮುದುಕ ವಲ್ಲಿ ಒಣಹಾಕಿದ್ದಾನೆ ಅಂದುಕೊಂಡಿದ್ದರು. ಊರವರು, "ಹುಲೆಪ್ಪ ಕಾಕಾ ಪುಣ್ಯಾದ ಕೆಲಸ ಮಾಡ್ತಾನ" ಎನ್ನುತ್ತಿದ್ದರು. ಹುಲೆಪ್ಪನೂ ಹಾಗೇ ತಿಳಿದಿದ್ದ.

ಎಂಟು ತಿಂಗಳ ಹಿಂದೆ ಒಂದು ದಿನ ಮಗ ಅಜಯಕುಮಾರ ಕಲಬುರಗಿಯ ಬ್ಯಾಳಿ ಮಿಲ್ಲಿಗೆ ಹೊರಟಿದ್ದ. ಹೆಂಡತಿ ಹಾಕಿ ಕಳಿಸಿದ ಹೆಲ್ಮೆಟ್ ತಲೆಯ ಮೇಲೇ ಇತ್ತು. ಗಳ ಬರಿದಾಗಿತ್ತು. ಮಗನ ಮುಖದ ಮೇಲೆ ಬೆವರು ಇಳಿಯುವುದನ್ನು ನೋಡಿ ಹುಲೆಪ್ಪನೇ ಕೂಗಿದ್ದ: "ಯಾರೂ ಇಲ್ಲೋ. ತಗಿ ಅದನ್ನ, ಆರಾಮ ಹೋಗು."

ಕಡಗಂಚಿ ದಾಟಿದ ಮೇಲೆ ಎಮ್ಮೆಯೊಂದು ಅಡ್ಡ ಬಂತು.

ದವಾಖಾನೆಯಲ್ಲಿ ರಾಧಿಕಾ ಆ ಹೆಲ್ಮೆಟ್ ತಂದು ಮಾವನ ಕೈಯಲ್ಲಿ ಇಟ್ಟಿದ್ದಳು. "ತಗೋರಿ ಮಾವ. ಒಂದ ಗೀರೂ ಬಿದ್ದಿಲ್ಲ. ಹೊಸಾದಿದ್ದಂಗ ಅದ."

ಅಜಯ ಉಳಿದ. ಅವನ ನೆನಪಿನಲ್ಲಿ ಹೆತ್ತ ಮಗಳ ಹೆಸರೂ ಉಳಿಯಲಿಲ್ಲ. ಊಟ ಮಾಡಿದ್ದು, ಮಾಡದ್ದು ಅವನಿಗೆ ಒಂದೇ ಆಯಿತು.

ಹೊತ್ತು ಏರುವಾಗ ಪರಮೇಶ ಬಂದು ಗಾಡಿ ನಿಲ್ಲಿಸಿದ. ಅಜಯನ ಓರಗೆಯವನು, ದಿನಾ ಅದೇ ಹಾದಿಯಲ್ಲಿ ಹೋಗುವವನು.

"ಏನ್ ಕಾಕಾ, ವಲ್ಲಿ ಏರಸೋದು ಬಿಟ್ಟೇ ಬಿಟ್ರಿ? ಮೂರ ಸಲ ಸಿಕ್ಕೊಂಡೇನಿ ನಾ."

"ಹೆಲ್ಮೆಟ್ ಹಾಕ್ಕೊಂಡ್ರ ಸಿಗೋದಿಲ್ಲಲ್ಲೋ."

"ನಮ್ಮ ಸೆಕಿ ಒಳಗ? ತಲಿ ಕುದ್ದು ಬ್ಯಾಳಿ ಆಗ್ತದ. ಇದ್ದ ನಾಕ ಕೂದಲಾನೂ ಉದರ್ತಾವ, ಆಮ್ಯಾಲ ಕನ್ಯಾ ಕೊಡೋರ್ಯಾರು?" ಅವನು ನಕ್ಕ. ಅಜಯನ ಕಡೆ ನೋಡಿ ನಗು ನುಂಗಿಕೊಂಡ. "ಅದು ನಸೀಬ ಬಿಡ್ರಿ ಕಾಕಾ. ಹಾಕ್ಕೊಂಡೋರೂ ಸಾಯ್ತಾರ."

ಅಷ್ಟರಲ್ಲಿ ಬೇವಿನ ಗಿಡದ ಕೆಳಗೆ ಜೀಪು ಬಂದು ನಿಂತಿತು. ಪರಮೇಶ ತಾನೇ ಮುದುಕನ ಹೆಗಲಿನ ವಲ್ಲಿ ಎಳೆದುಕೊಂಡು, ಗಳಕ್ಕೆ ಸಿಗಿಸಿ ಎತ್ತಿದ.

ಬಾಕಿನ ಮೇಲಿದ್ದ ಅಜಯ ತಲೆ ಎತ್ತಿದ. ಎರಡೂ ಕೈ ಮೆಲ್ಲಗೆ ಮೇಲೆ ಹೋದವು. ಇಲ್ಲದ ಹೆಲ್ಮೆಟ್ ಒಂದನ್ನು ತಲೆಗೆ ಇಳಿಸಿದ. ಬೆರಳು ಗದ್ದದ ಕೆಳಗೆ ಪಟ್ಟಿ ಹುಡುಕಿದವು, ಬಿಗಿದವು.

"ಅಜಯಾ, ಏನ್ ಮಾಡಾಕತ್ತೀ ಲೇ?" ಎಂದ ಪರಮೇಶ. ಗಾಡಿಯ ಕನ್ನಡಿಗಿದ್ದ ಹೆಲ್ಮೆಟ್ ತೆಗೆದು ಹಾಕಿಕೊಂಡು ಹೋದ.

ಹುಲೆಪ್ಪ ಒಲೆಯ ಮುಂದೆ ಕುಕ್ಕರಿಸಿದ. ಹೆತ್ತ ಮಗಳನ್ನು ಮರೆತ ಮಗ, ಅಪ್ಪನ ವಲ್ಲಿಯನ್ನು ಮರೆತಿರಲಿಲ್ಲ.

ಮಧ್ಯಾಹ್ನ ಪೊಲೀಸರು ಹೋದರು. ವಲ್ಲಿ ಇಳಿಯಲಿಲ್ಲ. ಹುಲೆಪ್ಪ ಗಳ ಕೆಳಗೆ ಮಾಡಿ, ವಲ್ಲಿಯ ತುದಿಗಳನ್ನು ನೀರಲ್ಲಿ ತೋಯಿಸಿ, ಬಿಚ್ಚಲಾಗದಂತೆ ಗಂಟು ಹಾಕಿ, ಮತ್ತೆ ನಿಲ್ಲಿಸಿದ. ಸಂಜೆಗೆ ಪರಮೇಶ ತಿರುಗಿ ಬಂದ.

"ಕಾಕಾ, ಅವ್ರು ಹೋಗಿ ಎಷ್ಟೊತ್ತಾತು! ಇಳಸ್ರಿ. ಮಂದಿ ಸುಮ್ನ ತಲಿ ಕುದಿಸ್ಕೊಂಡು ಹೊಂಟಾರ."

"ಇರಲಿ."

"ನಿಮ್ಮ ಮಾತಿನ ಮ್ಯಾಲ ಭರೋಸಾ ಇಟ್ಟಾರಿ ಮಂದಿ. ಈ ವಯಸ್ಸಿನ್ಯಾಗ ಸುಳ್ಳ ಹೇಳ್ತೀರೇನು?"

"ಹೇಳ್ತೇನಿ," ಎಂದ ಹುಲೆಪ್ಪ. "ಅವತ್ತ ಖರೇನ ಹೇಳಿದ್ದೆ."

ಆ ದಿನದಿಂದ ವಲ್ಲಿ ಇಳಿದಿಲ್ಲ. ಹಾದಿಹೋಕರು ಬೈದರು. ಮುದುಕನಿಗೆ ಅರಳುಮರಳು ಎಂದರು. ಕೆಲವರು ಚಹಾಕ್ಕೆ ಬರುವುದನ್ನೇ ಬಿಟ್ಟರು. ಆದರೂ ಒಂದು ವೇಳೆ ಪೊಲೀಸರು ಇದ್ದರೆ ಎಂದು, ಬೈಯುತ್ತಲೇ ಹೆಲ್ಮೆಟ್ ಹಾಕಿಕೊಂಡು ಹೋದರು.

ಬಿಸಿಲಿಗೆ ವಲ್ಲಿಯ ಬಣ್ಣ ಹೋಯಿತು. ಒಂದು ಮುಂಜಾನೆ ರಾಧಿಕಾ ತನ್ನ ಹಳೇ ಸೀರೆಯಿಂದ ಹರಿದ ಕೆಂಪು ತುಂಡೊಂದನ್ನು ಬಾಕಿನ ಮೇಲೆ ಇಟ್ಟಳು. "ಅದು ದೂರಿಂದ ಕಾಣಾಂಗಿಲ್ಲ ಮಾವ," ಎಂದಳು. ಮಾವನ ಮುಖ ನೋಡದೆ ಹೊಲದ ಹಾದಿ ಹಿಡಿದಳು.

ಹುಲೆಪ್ಪ ಹೊಸ ಬಟ್ಟೆ ಏರಿಸಿದ. ಗಾಳಿಗೆ ಅದು ಹರಡಿಕೊಂಡು ಹಾರಾಡಿತು. ಬಾಕಿನ ಮೇಲೆ ಅಜಯನ ಕೈಗಳು ಎದ್ದು, ಬರಿಯ ತಲೆಗೆ ಏನನ್ನೋ ಇಳಿಸಿ, ಗದ್ದದ ಕೆಳಗೆ ಬಿಗಿಯತೊಡಗಿದವು.