ಬೆನ್ನು ಬಗ್ಗಿಸದ ಮುದುಕಿ

ಮೊಮ್ಮಗಳು ಕಂಪ್ಯೂಟರಿನಲ್ಲಿ ಬೊಂಬೆ ನಡೆಸುವ ಕೆಲಸ ಹಿಡಿದು ಮೂರು ತಿಂಗಳಾಗಿತ್ತು. ಅವತ್ತಿನ ಚಿತ್ರ ಒಪ್ಪಿಗೆಯಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಬಸ್ಸಿನವರ ಜಾಹೀರಾತಿಗೆಂದು ಅರ್ಧ ನಿಮಿಷದ ಚಿತ್ರ. ಒಬ್ಬ ಮುದುಕಿ ನಡೆದು ಬಂದು, ಕೈ ಎತ್ತಿ ಬಸ್ಸು ನಿಲ್ಲಿಸಿ ಹತ್ತಬೇಕು.

ನಾನು ನಲವತ್ತು ವರ್ಷ ಕಾರ್ಖಾನೆಯಲ್ಲಿ ಬಟ್ಟೆ ಹೊಲಿದವಳು. ಓದಿದ್ದು ಎರಡನೇ ಕ್ಲಾಸು. ಅವತ್ತು ಅವಳು ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು, ನಾನು ಪಕ್ಕ ಕುರ್ಚಿ ಎಳೆದುಕೊಂಡು ನೋಡುತ್ತಿದ್ದೆ. ಬೊಂಬೆಯ ತಲೆ, ಮೈ, ತೋಳು, ಕಾಲು ಬೇರೆ ಬೇರೆ ಕತ್ತರಿಸಿ, ಕೀಲಿಗೊಂದು ಚುಕ್ಕೆಯಿಟ್ಟು ಕೂಡಿಸಿದ್ದಳು. ಮೊದಲ ಭಂಗಿ, ಕೊನೆಯ ಭಂಗಿ ಇವಳು ಕೊಟ್ಟರೆ ನಡುವಿನದನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತದಂತೆ. ಆದರೆ ಮುದುಕಿ ಕೈ ಎತ್ತಿದೊಡನೆ ಕಂಕುಳಲ್ಲಿ ತೂತು ಬಿದ್ದು ಹಿಂದಿನ ರಸ್ತೆ ಕಾಣುತ್ತಿತ್ತು.

"ಕಂಕುಳಿಗೆ ಬಟ್ಟೆ ಬಿಟ್ಟಿಲ್ಲ ಕಣೇ. ತೋಳಿನ ತುದಿ ದುಂಡಗೆ ಮಾಡಿ ಮೈಯೊಳಗೆ ಎರಡು ಬೆರಳು ಸೇರಿಸು. ಚುಕ್ಕೆ ದುಂಡಿನ ನಟ್ಟನಡುವೆ ಇಡು."

ಇಟ್ಟಳು. ತೂತು ಮಾಯ.

"ನಮ್ಮ ಟೀಚರ್ ಇದನ್ನ ಹೇಳ್ಲೇ ಇಲ್ಲ ಅಜ್ಜಿ!"

"ಅವರು ಯಾವತ್ತು ಅಂಗಿ ಹೊಲಿದಿದ್ರು?"

ಆಮೇಲೆ ಒಂದು ಗುಂಡಿ ಒತ್ತಿದಳು. ಬೊಂಬೆ ಕುಡುಗೋಲಿನಂತೆ ಬಗ್ಗಿ, ಕೈ ನಡುಗಿಸುತ್ತ, ಕಾಲೆಳೆಯುತ್ತ ಹೊರಟಿತು. ನನಗೆ ಮೈಯೆಲ್ಲ ಉರಿಯಿತು.

"ಇದ್ಯಾವುದೇ ಪ್ರಾಣಿ?"

"ರೆಡಿಮೇಡ್ ನಡಿಗೆ ಅಜ್ಜಿ. ಮುದುಕರಿಗೆಲ್ಲ ಇದೇ."

"ನನಗೂ ಎಪ್ಪತ್ತೆರಡು. ನಾನು ಹೀಗೆ ನಡೀತೀನಾ?"

ಅವಳು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಲ್ಲಪ್ಪ. ನೀನು ಜಗಳಕ್ಕೆ ಹೊರಟೋಳ ಹಾಗೆ ನಡೀತೀಯ."

"ಹಾಗೇ ನಡೆಸು."

ಬಾಗಿಲಿನಿಂದ ಒಲೆಯ ತನಕ ಏಳು ಸಲ ನಡೆದು ತೋರಿಸಿದೆ. ಕಾರ್ಖಾನೆಯ ಗೇಟು ಮುಚ್ಚುವ ಮೊದಲು ಒಳಗಿರಬೇಕಿದ್ದ ಕಾಲದ ನಡಿಗೆ ಅದು. ಕಾಲು ಇನ್ನೂ ಮರೆತಿಲ್ಲ. ಅವಳು ಒಂದೇ ಹೆಜ್ಜೆ ಹಿಡಿದಳು. ಹಿಮ್ಮಡಿ ಊರಿದ್ದು, ಮೈ ಕುಗ್ಗಿದ್ದು, ಕಾಲು ದಾಟಿದ್ದು, ಮೈ ಎದ್ದಿದ್ದು, ಒಟ್ಟು ನಾಲ್ಕು ಭಂಗಿ. ಎಡಬಲ ಅದಲುಬದಲು ಮಾಡಿದರೆ ಇನ್ನೊಂದು ಹೆಜ್ಜೆ ಸಿದ್ಧ.

"ಇಷ್ಟಾದ್ರೆ ಊರೆಲ್ಲ ಸುತ್ತಿಸಬಹುದು," ಎಂದಳು.

ಅರ್ಧ ಗಂಟೆಯೊಳಗೆ ಮುದುಕಿ ಎದೆಯೆತ್ತಿ, ಮೊಣಕೈ ಬೀಸುತ್ತ ಬಂದು ಕೈ ಎತ್ತಿದಳು. ಬಸ್ಸು ತಪ್ಪು ಮಾಡಿದವರ ಹಾಗೆ ಗಕ್ಕನೆ ನಿಂತಿತು.

ಅವಳು ಕಳಿಸಿದ ಚಿತ್ರ ನೋಡಿ ನಾಲ್ಕು ಗಂಟೆಗೆ ಮಾಲೀಕ ಫೋನಿನಲ್ಲಿ ಮುಖ ತೋರಿಸಿದ. "ಮುದುಕಿ ಅನ್ನಿಸ್ತಿಲ್ಲಮ್ಮ. ಬಗ್ಗಿಸು. ನೋಡಿದೋರು ಅಯ್ಯೋ ಪಾಪ ಅನ್ನಬೇಕು."

"ಕೂದಲು ಬೆಳ್ಳಗಿದೆಯಲ್ಲ ಸಾರ್?"

"ವಾದ ಬೇಡ. ಐದಕ್ಕೆ ಕಳ್ಸು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

ನಾನು ಬಾಯಿ ಹಾಕಿದರೆ ಹೋಗುವುದು ಅವಳ ಅನ್ನ. "ಬಗ್ಗಿಸಿಬಿಡು ಮಗಾ. ಬೊಂಬೆ ತಾನೇ," ಎಂದೆ.

ಬಗ್ಗಿಸಿದಳು. ನೋಡುತ್ತ ಕೂತಳು. ಆಮೇಲೆ ಮತ್ತೆ ನೆಟ್ಟಗೆ ಮಾಡಿದಳು.

"ಆಗಲ್ಲ ಅಜ್ಜಿ. ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಇದನ್ನ ಕಳ್ಸೋಕೆ ನನ್ನ ಕೈಲಾಗಲ್ಲ."

ನೆಟ್ಟಗಿನದನ್ನೇ ಕಳಿಸಿದಳು. ಜೊತೆಗೆ ಬರೆದದ್ದನ್ನು ನನಗೆ ಓದಿ ಹೇಳಿದಳು: "ನಾನು ಮಾಡಿದ ಮುದುಕಿ ಹೀಗೇ ನಡೆಯುತ್ತಾಳೆ. ಬಗ್ಗಿಸಲೇಬೇಕಿದ್ದರೆ ನೀವೇ ಬಗ್ಗಿಸಿಕೊಳ್ಳಿ."

ಐದಕ್ಕೆ ಮುಂಚೆಯೇ ಕೆಲಸ ಹೋಯಿತು. ಅವಳು ಅತ್ತಳು. ನಾನು ಊಟಕ್ಕೆ ಬಡಿಸಿದೆ.

ಮರುದಿನ ಆ ಮುದುಕಿಯನ್ನೇ ಫೋನಿನಲ್ಲಿಟ್ಟುಕೊಂಡು ಕೆಲಸ ಕೇಳಲು ಹೊರಟಳು. ಎರಡು ಕಡೆ ಬಾಗಿಲಲ್ಲೇ ಬೇಡವೆಂದರು. ಮೂರನೆಯದು ಮಕ್ಕಳ ಪಾಠದ ಚಿತ್ರ ಮಾಡುವ ಕಡೆ. ಅಲ್ಲಿಯ ಹೆಂಗಸು ಎರಡು ಸಲ ನೋಡಿ, "ಈ ಮುದುಕಿ ಓಡೋ ಹಾಗೆ ಮಾಡಿ ತೋರ್ಸು, ಆಮೇಲೆ ನೋಡೋಣ," ಎಂದಳಂತೆ.

"ಓಡ್ತೀಯಾ ಅಜ್ಜಿ?"

ಓಡಿ ಯಾವ ಕಾಲವಾಗಿತ್ತೋ. ಚಪ್ಪಲಿ ಮೆಟ್ಟಿ ಬೀದಿಗಿಳಿದೆ. ಅವಳು ವಿಡಿಯೊ ತೆಗೆಯಲು ಫೋನು ಹಿಡಿದು ನಿಂತಳು, ನಾನು ಓಡತೊಡಗಿದೆ. ಎದುರಂಗಡಿಯ ಕ್ಷೌರದವನು ಕತ್ತರಿ ಹಿಡಿದೇ ಹೊರಗೆ ಬಂದ.

"ಏನಜ್ಜಿ, ಯಾರು ಅಟ್ಟಿಸ್ಕೊಂಡು ಬರ್ತಿದಾರೆ?"

"ಯಾರೂ ಇಲ್ಲ ಕಣೋ. ನಾನೇ ಅಟ್ಟಿಸ್ಕೊಂಡು ಹೊರಟಿದೀನಿ. ದಾರಿ ಬಿಡು!"