ಎಡಗಿವಿಯ ಸುಳ್ಳು

ಕನ್ನಡಕದಂಗಡಿಯವನಿಗೆ ಚಿತ್ರಕಲೆಯ ಗಂಧಗಾಳಿಯೂ ಇರಲಿಲ್ಲ. ಅವನ ಅಂಗಡಿಯ ಗೋಡೆಯ ಮೇಲಿದ್ದದ್ದು ದೊಡ್ಡಕ್ಷರದಿಂದ ಸಣ್ಣಕ್ಷರಕ್ಕೆ ಇಳಿಯುವ ಕಣ್ಣುಪರೀಕ್ಷೆಯ ಹಲಗೆ, ಒಂದು ಕನ್ನಡಿ ಮತ್ತು ಲೆನ್ಸ್ ಕಂಪನಿಯವರು ಕೊಟ್ಟ ಕ್ಯಾಲೆಂಡರು, ಇಷ್ಟೇ. ಹೀಗಿರುವಾಗ ಅವನ ಅಕ್ಕ ಹೆಣ್ಣಿನವರಿಗೆ ಫೋನು ಮಾಡಿ, "ನಮ್ಮ ತಮ್ಮನಿಗೆ ಚಿತ್ರ ಅಂದ್ರೆ ಪ್ರಾಣ" ಎಂದುಬಿಟ್ಟಿದ್ದಳು.

ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಇನ್ನೊಂದು ಮದುವೆಯ ಮಾತು ಎತ್ತಿದಾಗಲೆಲ್ಲ ಅವನು ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತಿದ್ದ. ಕೊನೆಗೆ ಅಕ್ಕನೇ ಟೊಂಕ ಕಟ್ಟಿ ನಿಂತಳು. ಭಾವ ಕೆಲಸ ಮಾಡುವ ನೀರು ಸರಬರಾಜು ಕಚೇರಿಯಲ್ಲಿ ಕೊಳವೆಗಳ ನಕ್ಷೆ ಬರೆಯುವ ಹೆಂಗಸೊಬ್ಬಳಿದ್ದಳು. ಬಹಳ ಹಿಂದೆಯೇ ಗಂಡನಿಂದ ಬೇರೆಯಾಗಿದ್ದಳು. ಮಿತಭಾಷಿ, ಕೆಲಸದಲ್ಲಿ ಅಚ್ಚುಕಟ್ಟು ಎಂದು ಭಾವನೇ ಹೇಳಿದ್ದ. ನಕ್ಷೆ ಬರೆಯುವವಳಿಗೆ ಚಿತ್ರವೆಂದರೆ ಇಷ್ಟವಿರಲೇಬೇಕು ಎಂದು ಅಕ್ಕ ತಾನೇ ಲೆಕ್ಕ ಹಾಕಿ, ಇಬ್ಬರೂ ಭಾನುವಾರ ಚಿತ್ರಶಾಲೆಯಲ್ಲಿ ಭೇಟಿಯಾಗಲಿ ಎಂದು ಗೊತ್ತುಮಾಡಿದಳು.

"ಯಾಕಕ್ಕ ಹಾಗೆ ಹೇಳಿದೆ? ಚಿತ್ರದಲ್ಲಿ ಕುದುರೆ ಯಾವ್ದು ಕತ್ತೆ ಯಾವ್ದು ಅಂತ ಗೊತ್ತಾದ್ರೆ ನನಗೆ ಹೆಚ್ಚು."

"ಮತ್ತೇನು ಹೇಳ್ಬೇಕಿತ್ತು? ನಮ್ಮ ತಮ್ಮ ಅಂಗಡಿ ಮುಚ್ಚಿ ಬಂದು ಟೀವಿ ಮುಂದೆ ಗೊರಕೆ ಹೊಡೀತಾನೆ ಅಂತಾನಾ? ಒಂದು ದಿನ ತಲೆ ಆಡಿಸೋಕೆ ಆಗಲ್ವೇನೋ ನಿನಗೆ?"

ಟಿಕೆಟು ಕೊಳ್ಳಲು ಚಿತ್ರಶಾಲೆಯ ಜಾಲತಾಣ ತೆರೆದಾಗ ಅವನಿಗೆ ದಾರಿ ಕಂಡಿತು. ಚಿತ್ರಶಾಲೆಯದೇ ಒಂದು ಆ್ಯಪ್ ಇತ್ತು. ಪ್ರತಿ ಚಿತ್ರದ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದನ್ನು ಫೋನಿನಲ್ಲಿ ಒತ್ತಿದರೆ ಒಂದು ದನಿ ಆ ಚಿತ್ರದ ಕಥೆ ಹೇಳುತ್ತದೆ. ಮನೆಯಲ್ಲೇ ಒಂದನ್ನು ಹಾಕಿ ನೋಡಿದ. ನಿಧಾನವಾದ, ಗಂಭೀರವಾದ ಗಂಡು ದನಿ. ನದಿ ದಾಟುವ ದೋಣಿಯ ಚಿತ್ರ ಅದು. "ದೋಣಿಯಲ್ಲಿರುವವರ ಮುಖ ಬಿಡಿ, ಅವರ ಕೈಗಳನ್ನು ನೋಡಿ" ಎಂದಿತು ಆ ದನಿ. ಅವನು ಫೋನಿನ ಪುಟ್ಟ ಪರದೆಯನ್ನು ಹಿಗ್ಗಿಸಿ ನೋಡಿದ. ಒಂದೊಂದು ಕೈಯೂ ಏನನ್ನೋ ಬಿಗಿಯಾಗಿ ಹಿಡಿದಿತ್ತು. ಒಂದು ಕೈ ಮಾತ್ರ ನೀರಿನಲ್ಲಿ ಆಡುತ್ತಿತ್ತು. ಅವನಿಗೇ ಗೊತ್ತಿಲ್ಲದೆ ಮುಖದಲ್ಲಿ ನಗು ಮೂಡಿತು. ಅಷ್ಟಕ್ಕೇ ನಿಲ್ಲಿಸಿ, ಆ್ಯಪ್ ಇದೆ, ಕೇಳುತ್ತ ನೋಡೋಣ ಎಂದು ಅವಳಿಗೆ ಹೇಳಿದ್ದರೆ ಎಲ್ಲವೂ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಅಕ್ಕನ ಮಾತು ಉಳಿಸಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಬುದ್ಧಿವಂತನಂತೆ ಕಾಣಬೇಕೆಂಬ ಆಸೆ ಅವನಿಗೂ ಹುಟ್ಟಿತ್ತು.

ಅಂಗಡಿಯಲ್ಲಿ ಕೈಯಲ್ಲಿ ಕೆಲಸವಿರುವಾಗ ಫೋನಿನಲ್ಲಿ ಮಾತಾಡಲು ಅವನು ಒಂದೇ ಕಿವಿಗೆ ಸಿಕ್ಕಿಸುವ, ತಂತಿಯಿಲ್ಲದ ಇಯರ್‌ಫೋನು ಇಟ್ಟುಕೊಂಡಿದ್ದ. ಮೈಬಣ್ಣದ್ದು, ಕಿವಿಯ ಹಿಂದೆ ಕೊಕ್ಕೆ. ಭಾನುವಾರ ಅದನ್ನೇ ಎಡಗಿವಿಗೆ ಸಿಕ್ಕಿಸಿಕೊಂಡು, ಫೋನನ್ನು ಕೋಟಿನ ಜೇಬಿಗೆ ಇಳಿಬಿಟ್ಟು ಹೊರಟ.

ನಕ್ಷೆಗಾರ್ತಿ ಚಿತ್ರಶಾಲೆಯ ಮೆಟ್ಟಿಲ ಬಳಿ ಕಾಯುತ್ತಿದ್ದಳು. ನಲವತ್ತು ದಾಟಿದ್ದಳು, ಬೆರಳ ತುದಿಯಲ್ಲಿ ಮಸಿಯ ಕಲೆ. ಅವನ ಮುಖ ನೋಡಿದವಳ ಕಣ್ಣು ಒಂದು ಕ್ಷಣ ಎಡಗಿವಿಯ ಮೇಲೆ ನಿಂತು ಮುಂದೆ ಸರಿಯಿತು. ಆದರೆ ಅವಳು ಏನೂ ಕೇಳಲಿಲ್ಲ. ಸುತ್ತಿ ಬಂದು ಅವನ ಬಲಗಡೆಗೆ ನಿಂತು, ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಹೇಳಿದಳು:

"ನಾನು ಈ ಕಡೆ ಇದ್ರೆ ಆಗುತ್ತಲ್ವಾ ನಿಮಗೆ?"

ಆಗಲೇ ಅವನಿಗೆ ಹೊಳೆದದ್ದು. ಅವಳು ಅದನ್ನು ಕಿವುಡರ ಮಿಷನ್ ಎಂದುಕೊಂಡಿದ್ದಾಳೆ! ಅವನ ಅಂಗಡಿಯ ಬೋರ್ಡಿನ ಮೇಲೆ ಕನ್ನಡಕದ ಜೊತೆಗೆ ಕಿವಿಯ ಮಿಷನ್ನೂ ಸಿಗುತ್ತದೆ ಎಂದು ಬರೆದಿತ್ತು, ಅದನ್ನು ಅವಳು ನೋಡಿದ್ದಿರಬೇಕು. ಅಂಥ ಅಂಗಡಿಯವನ ಕಿವಿಯಲ್ಲಿ ಅದನ್ನು ಕಂಡು ಹಾಗೆಂದುಕೊಂಡದ್ದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಅಲ್ಲವೆಂದು ಹೇಳಲು ಅವನು ಬಾಯಿ ತೆರೆದ. ಹಾಗಾದರೆ ಇದೇನು ಎಂದು ಅವಳು ಕೇಳಿದರೆ?

"ಆಗುತ್ತೆ, ಆಗುತ್ತೆ" ಎಂದ.

ಮೊದಲ ಕೋಣೆಯಲ್ಲಿ ಅವನು ಎರಡು ಹೆಜ್ಜೆ ಮುಂದೆ ಹೋಗಿ, ಗೋಡೆಯ ಸಂಖ್ಯೆ ನೋಡಿ, ಬೆನ್ನು ತಿರುಗಿಸಿ ಫೋನಿನಲ್ಲಿ ಒತ್ತಿದ. ದನಿ ಶುರುವಾಯಿತು. ಅದು ಪುಸ್ತಕದ ಭಾಷೆಯಲ್ಲಿ ಹೇಳಿದ್ದನ್ನು ಅವನು ಆಡುಮಾತಿಗೆ ಇಳಿಸಿ ಗಿಣಿಪಾಠ ಒಪ್ಪಿಸಿದ. ಅದೊಂದು ವರ್ತಕನ ಕುಟುಂಬದ ಚಿತ್ರ: ಅಪ್ಪ, ಅಮ್ಮ, ಇಬ್ಬರು ಮಕ್ಕಳು.

"ಈ ಎರಡು ಮಕ್ಕಳ ಮಧ್ಯದ ಜಾಗ ನೋಡಿ. ಸ್ವಲ್ಪ ಜಾಸ್ತಿನೇ ಅಗಲ ಇದೆ ಅನ್ಸಲ್ವಾ? ಅಲ್ಲಿ ಇನ್ನೊಂದು ಮಗು ಇತ್ತು. ಅದು ತೀರ್ಕೊಂಡ್ಮೇಲೆ ಅಮ್ಮ ಅದನ್ನ ನೋಡೋಕಾಗ್ದೆ ಅಳಿಸೋಕೆ ಹೇಳಿದ್ಳಂತೆ. ಆದ್ರೆ ಅಮ್ಮನ ಕೈ ನೋಡಿ, ಇನ್ನೂ ಆ ಮಗುವಿನ ಹೆಗಲ ಮೇಲಿರೋ ಹಾಗೇ ಇದೆ."

ಅವಳು ಚಿತ್ರದ ಹತ್ತಿರ ಹೋದಳು. ಏನನ್ನೂ ಹಿಡಿಯದೆ ಗಾಳಿಯಲ್ಲಿ ನಿಂತ ಆ ಕೈಯನ್ನು ಬಹಳ ಹೊತ್ತು ನೋಡಿದಳು. ತಿರುಗಿದಾಗ ಅವಳ ಕಣ್ಣು ತೇವವಾಗಿತ್ತು.

"ಒಬ್ಳೇ ಬಂದಿದ್ರೆ ಇದರ ಮುಂದೆ ಹಾಗೇ ಹೋಗ್ಬಿಡ್ತಿದ್ದೆ" ಎಂದಳು.

ಅವನ ಮನಸ್ಸು ಉಬ್ಬಿತು. ಕೂಡಲೇ ಒಳಗೆಲ್ಲೋ ಚುಚ್ಚಿತು. ಆದರೂ ಮುಂದಿನ ಸಂಖ್ಯೆ ಒತ್ತಿದ.

ಹೀಗೆ ಮೂರ್ನಾಲ್ಕು ಕೋಣೆ ಸಾಗಿದವು. ವಿಚಿತ್ರವೆಂದರೆ ಅವನಿಗೆ ನಿಜವಾಗಿಯೂ ಚಿತ್ರಗಳು ಕಾಣತೊಡಗಿದವು. ಬಣ್ಣ ಎಲ್ಲಿಂದ ಬಂತು, ನೆರಳು ಯಾಕೆ ಅತ್ತ ಬಿತ್ತು, ಮೂಲೆಯ ಬೆಕ್ಕು ಯಾರನ್ನು ನೋಡುತ್ತಿದೆ, ಹೀಗೆ ಒಂದು ಹೇಳಿಕೊಟ್ಟರೆ ಇನ್ನೊಂದನ್ನು ಕಣ್ಣು ತಾನೇ ಹುಡುಕಿಕೊಳ್ಳುತ್ತಿತ್ತು. ಕಿಟಕಿಯ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುವ ಹೆಂಗಸಿನ ಸಣ್ಣ ಚಿತ್ರವೊಂದರ ಮುಂದೆ ಅವನು ಕಿವಿಯೊಳಗಿನ ಮಾತನ್ನೂ ಮರೆತು ನಿಂತುಬಿಟ್ಟ.

"ನನ್ನ ಹೆಂಡತಿ ದಾರ ಪೋಣಿಸೋವಾಗ ಉಸಿರು ಹಿಡೀತಿದ್ಳು" ಎಂದ. "ಕನ್ನಡಕದವನ ಹೆಂಡ್ತಿ, ಕನ್ನಡಕ ಮಾತ್ರ ಬೇಡ. ದಾರ ಒಳಗೆ ಹೋದ್ಮೇಲೆ ಒಂದೇ ಸಲ ಉಸಿರು ಬಿಡೋಳು, ಮನೆಯೆಲ್ಲ ಕೇಳಿಸ್ತಿತ್ತು. ಇವಳೂ ಹಿಡ್ಕೊಂಡಿದಾಳೆ ನೋಡಿ. ಕತ್ತು ಹೇಗೆ ಬಿಗಿಯಾಗಿದೆ."

ಅವಳು ಚಿತ್ರ ನೋಡಲಿಲ್ಲ, ಅವನನ್ನೇ ನೋಡಿದಳು. ಪಕ್ಕದಲ್ಲಿದ್ದ ಬೆಂಚು ತೋರಿಸಿ, "ಸ್ವಲ್ಪ ಕೂತ್ಕೊಳ್ಳೋಣ್ವಾ?" ಎಂದಳು. ಇಲ್ಲೂ ಅವನ ಬಲಗಡೆಗೇ ಬಂದು ಕೂತಳು.

"ನಿಮಗೊಂದು ವಿಷಯ ಹೇಳ್ಬೇಕು ಅನ್ಸುತ್ತೆ. ನಮ್ಮಣ್ಣನಿಗೆ ಚಿಕ್ಕಂದಿನಿಂದ ಕಿವಿ ಕೇಳಿಸ್ತಿರ್ಲಿಲ್ಲ. ಮಿಷನ್ ಹಾಕ್ಕೊಳ್ತಿದ್ದ. ಅದು ಕಾಣಿಸ್ಬಾರ್ದು ಅಂತ ಕೂದಲು ಉದ್ದ ಬಿಟ್ಟಿದ್ದ. ಕಾಲೇಜಲ್ಲಿ ನನ್ನ ಸ್ನೇಹಿತೆಯರು ಎದುರಿಗೆ ಬಂದ್ರೆ ನಾನು ಅವನ ಜೊತೆ ನಡೀತಿರ್ಲಿಲ್ಲ, ರಸ್ತೆ ದಾಟಿ ಆ ಕಡೆ ಹೋಗ್ಬಿಡ್ತಿದ್ದೆ. ಅವನಿಗೆ ಗೊತ್ತಾಗ್ತಿತ್ತು. ಒಂದು ದಿನಾನೂ ಕೇಳ್ಲಿಲ್ಲ. ಈಗ ಅವನಿಲ್ಲ." ಬೆರಳ ತುದಿಯ ಮಸಿ ಉಜ್ಜಿಕೊಳ್ಳುತ್ತ ಮುಂದುವರಿಸಿದಳು. "ನೀವು ಮುಚ್ಚಿಡ್ದೆ ಹಾಕ್ಕೊಂಡು ಬಂದಿದ್ದೀರಿ. ಮೊದಲ ಭೇಟಿಗೇ. ಮೆಟ್ಟಿಲ ಹತ್ರ ನಿಮ್ಮನ್ನ ನೋಡಿದಾಗ್ಲೇ ಅದು ನನಗೆ ಹಿಡಿಸ್ತು."

ಹೇಳಬೇಕಾದರೆ ಈಗಲೇ ಹೇಳಬೇಕು ಎಂದು ಗೊತ್ತಿತ್ತು. ಕಿವಿಯ ಹಿಂದಿನ ಕೊಕ್ಕೆ ಕಾದ ತಂತಿಯಂತೆ ಸುಡುತ್ತಿತ್ತು. ಅವನು ತಲೆ ತಗ್ಗಿಸಿದ. ಅವಳು ಅದನ್ನು ಸಂಕೋಚವೆಂದು ತಿಳಿದು ಮೆಲ್ಲಗೆ ಎದ್ದಳು.

ಮುಂದಿನ ಕೋಣೆಯಲ್ಲಿ ಜನ ಹೆಚ್ಚಿದ್ದರು, ಆದರೆ ಪಿಟ್ಟೆನ್ನುವ ಸದ್ದಿರಲಿಲ್ಲ. ಅವನ ಇಯರ್‌ಫೋನು ಒಂದೆರಡು ಸಲ ಕುಂಯ್ ಎಂದು ಸುಮ್ಮನಾಯಿತು. ಚಾರ್ಜು ಮುಗಿದದ್ದು ಅವನಿಗೆ ಹೊಳೆಯಲಿಲ್ಲ. ಅವಳು ಒಂದು ದೊಡ್ಡ ಚಿತ್ರ ತೋರಿಸಿ "ಇದರ ಕಥೆ ಏನು?" ಎಂದು ಕೇಳಿದಳು. ಅವನು ಗಾಬರಿಯಿಂದ ಕೈಯನ್ನು ಜೇಬಿಗಿಳಿಸಿ, ನೋಡದೆಯೇ ಪರದೆಯ ಮೇಲೆ ಎಲ್ಲೆಲ್ಲೋ ಒತ್ತಿದ.

ಜೇಬಿನೊಳಗಿಂದ ಆ ಗಂಭೀರ ದನಿ ಇಡೀ ಕೋಣೆಗೆ ಕೇಳುವಂತೆ ಹೊರಬಂತು:

"ಈ ಇಬ್ಬರು ಮಕ್ಕಳ ನಡುವಿನ ಜಾಗವನ್ನು ಗಮನಿಸಿ. ತುಸು ಹೆಚ್ಚೇ ಅಗಲವಾಗಿದೆ ಎನಿಸುವುದಿಲ್ಲವೇ? ಅಲ್ಲಿ ಒಮ್ಮೆ ಇನ್ನೊಂದು ಮಗುವಿತ್ತು..."

ಜನ ತಿರುಗಿ ನೋಡಿದರು. ಕಾವಲಿನವನು ಕುರ್ಚಿಯಿಂದ ಎದ್ದ. ಕನ್ನಡಕದವನು ಫೋನು ಹೊರಗೆಳೆದ. ಬೆವರಿದ ಬೆರಳಿಗೆ ಪರದೆ ಮಾತು ಕೇಳಲಿಲ್ಲ. "ತಾಯಿಯ ಕೈಯನ್ನು ನೋಡಿ" ಎಂದು ದನಿ ನಿರಾಳವಾಗಿ ಮುಂದುವರಿಯಿತು. ಅವಳು ಕದಲದೆ ನಿಂತು ಕೇಳಿದಳು. ಕೊನೆಗೂ ಅದು ನಿಂತಾಗ ಅವನಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತ್ತು.

"ಆ್ಯಪ್" ಎಂದ. "ಇಲ್ಲೀದೇ. ನಾನು... ಅದು ಹೇಳಿದ್ದನ್ನೇ ನಿಮಗೆ ಹೇಳ್ತಿದ್ದೆ."

"ಕಿವಿಯಲ್ಲಿರೋದು?"

"ಇಯರ್‌ಫೋನು."

"ಹಾಗಾದ್ರೆ ಕಿವಿ?"

"ಚೆನ್ನಾಗೇ ಕೇಳಿಸುತ್ತೆ" ಎಂದ. ಇದಕ್ಕಿಂತ ಕಷ್ಟದ ಮಾತನ್ನು ಅವನು ಯಾವತ್ತೂ ಆಡಿರಲಿಲ್ಲ.

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನಗೂ ಚಿತ್ರ ಗೊತ್ತಿಲ್ಲ" ಎಂದಳು ಸಣ್ಣ ದನಿಯಲ್ಲಿ. "ನನಗೆ ಗೊತ್ತಿರೋದು ಪೈಪು, ವಾಲ್ವು. ನಿಮ್ಮಕ್ಕ ಹೇಳಿದ್ರಲ್ಲ ಅಂತ ವಾರವೆಲ್ಲ ಪುಸ್ತಕ ತಿರುವಿ ಹಾಕಿ ಬಂದೆ, ತಲೆಗೆ ಒಂದೂ ಹತ್ತಲಿಲ್ಲ. ಆ್ಯಪ್ ಇದೆ ಅಂತ ಹೇಳಿದ್ರೆ ಇಬ್ರೂ ಕೇಳ್ಬಹುದಿತ್ತು. ಎಷ್ಟು ಚೆನ್ನಾಗಿ ಹೇಳ್ತಾನೆ ಅವನು." ಆಮೇಲೆ ಕೇಳಿದಳು: "ಆ ಸೂಜಿ ಮಾತು? ಅದೂ ಅವನದ್ದೇನಾ?"

"ಇಲ್ಲ! ಅದು ನನ್ನದು. ನನ್ನ ಹೆಂಡತೀದು."

"ಇರಬಹುದು" ಎಂದಳು. ನಂಬಬೇಕೆಂಬ ಆಸೆ ಅವಳ ಮುಖದಲ್ಲಿತ್ತು, ನಂಬಿಕೆ ಇರಲಿಲ್ಲ. "ಅಣ್ಣನ ವಿಷಯ ನಾನು ಇವತ್ತಿನವರೆಗೂ ಯಾರಿಗೂ ಹೇಳಿರ್ಲಿಲ್ಲ."

ಕೈಚೀಲ ಹೆಗಲಿಗೇರಿಸಿ ಹೊರಟುಹೋದಳು. ಅವನು ಹಿಂದೆ ಹೋಗಲಿಲ್ಲ. ಹೋಗಿ ಏನು ಹೇಳುವುದು?

ಮರುದಿನ ಅಂಗಡಿಗೆ ಮುದುಕರೊಬ್ಬರು ಮಗಳ ಜೊತೆ ಬಂದರು. ಮಿಷನ್ ಹಾಕಿಕೊಂಡರೆ ಜನ ಏನೆನ್ನುತ್ತಾರೋ ಎಂದು ಹಿಂಜರಿಯುತ್ತಿದ್ದರು. ಅಂಥವರಿಗೆಲ್ಲ ಅವನು ಹೇಳುವ ಒಂದು ಮಾತಿತ್ತು: ಕನ್ನಡಕಕ್ಕಿಲ್ಲದ ನಾಚಿಕೆ ಇದಕ್ಕ್ಯಾಕೆ ಯಜಮಾನ್ರೇ? ಅವತ್ತು ಆ ಮಾತು ಹೇಳಲಿಲ್ಲ. ಮಿಷನ್ನನ್ನು ಅವರ ಕಿವಿಗೆ ಕೂರಿಸಿ ಕನ್ನಡಿ ತೋರಿಸಿದ.

ನಕ್ಷೆಗಾರ್ತಿ ಭಾವನಿಗೆ ಹೇಳಿದ್ದು ಒಂದೇ ಮಾತು: ಬೇಡ ಸರ್. ಯಾಕೆಂದು ಹೇಳಲಿಲ್ಲ. ಅವನ ಮಾನ ಕಾಪಾಡಿದ್ದಳು. ಆದರೆ ಅಕ್ಕ ಅದನ್ನು ಬೇರೆಯೇ ಅರ್ಥ ಮಾಡಿಕೊಂಡಳು. ಮುಂದಿನ ಭಾನುವಾರ ಅಕ್ಕನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳ ಬಾಯಿಗೆ ತಡೆಯೇ ಇರಲಿಲ್ಲ.

"ಎಷ್ಟು ಜಂಭ ಅಂತೀನಿ! ಗಂಡನ ಜೊತೆ ಬಾಳೋಕಾಗದವಳು ನಮ್ಮ ಹುಡುಗನ್ನ ಬೇಡ ಅಂತಾಳೆ. ಪಕ್ಕದ ಮನೆಯವಳಿಗೂ ಹೇಳ್ದೆ, ಇವರ ಆಫೀಸಿನ ಹೆಂಗಸ್ರಿಗೂ ಹೇಳ್ದೆ. ಗೊತ್ತಾಗ್ಲಿ ಎಲ್ಲರಿಗೂ ಅವಳ ಬಂಡವಾಳ."

ಅವನ ಕೈಯಲ್ಲಿದ್ದ ತುತ್ತು ತಟ್ಟೆಗೆ ಮರಳಿತು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಬೆಂಚಿನ ಮೇಲೂ ಅವನು ಹಾಗೇ ಸುಮ್ಮನಿದ್ದ.

"ಅಕ್ಕ, ನಿಲ್ಸು. ತಪ್ಪು ಅವಳದ್ದಲ್ಲ" ಎಂದ.

ಎಲ್ಲವನ್ನೂ ಹೇಳಿದ. ಜೇಬಿನೊಳಗಿನ ಫೋನು, ಗಿಣಿಪಾಠ, ಬಲಗಡೆಗೆ ಬಂದು ನಿಂತ ಅವಳು. ಅವಳ ಅಣ್ಣನ ಮಾತನ್ನು ಮಾತ್ರ ಬಾಯಿಗೆ ತರಲಿಲ್ಲ. ಅದು ತನ್ನದಲ್ಲ ಎಂಬಷ್ಟು ಬುದ್ಧಿ ಬಂದಿತ್ತು. ಜೇಬು ಕೂಗಿದ ಕಥೆ ಬಂದಾಗ ಭಾವ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ.

"ಕಿವುಡನ ವೇಷ ಬೇರೆ! ಅಯ್ಯೋ ಮಹಾರಾಯ!"

ಅಕ್ಕ ನಗಲಿಲ್ಲ. ಮುಖ ಕೆಂಪಾಗಿತ್ತು. "ನನ್ನ ಮಾನಾನೂ ಸೇರಿಸಿ ಕಳೆದ್ಯಲ್ಲೋ. ಚಿತ್ರ ಅಂದ್ರೆ ಪ್ರಾಣ ಅಂತ ನಾನು ತಾನೇ ಅಂದದ್ದು."

"ನೀನು ಅಂದೆ. ಮಾಡಿದ್ದು ನಾನು. ಭಾವ, ನಾಳೆ ನೀವು ಆಫೀಸಲ್ಲಿ ಹೇಳ್ಬೇಕು, ತಪ್ಪು ನಮ್ಮ ಕಡೇದು ಅಂತ. ಅಕ್ಕ ಯಾರ್ಯಾರಿಗೆ ಹೇಳಿದ್ಳೋ ಅವರಿಗೆಲ್ಲ."

"ಜನ ನಿನ್ನ ನೋಡಿ ನಗ್ತಾರಲ್ಲೋ."

"ನಗ್ಲಿ."

ಭಾವನ ನಗು ಇಳಿಯಿತು. ಅವನ ಮುಖವನ್ನೊಮ್ಮೆ ನೋಡಿ, ಹೇಳುತ್ತೇನೆ ಎಂದ. ಹೇಳಿದ ಕೂಡ. ನಕ್ಷೆಗಾರ್ತಿ ತಲೆಯೆತ್ತಿ ಪೂರ್ತಿ ಕೇಳಿಸಿಕೊಂಡು, "ಸರಿ ಸರ್, ಹೇಳಿದ್ದು ಒಳ್ಳೇದಾಯ್ತು" ಎಂದು ಮತ್ತೆ ಅಳತೆಪಟ್ಟಿ ಹಿಡಿದಳಂತೆ. ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಕಚೇರಿಯಲ್ಲಿ ಹಲವು ದಿನ ಕನ್ನಡಕದವನ ಕಥೆಯೇ ಕಥೆ. ಅಲ್ಲಿನ ಒಬ್ಬ ಗುಮಾಸ್ತೆ ಕನ್ನಡಕ ರಿಪೇರಿಗೆ ಬಂದವನು ಬೇಕೆಂದೇ ಜೋರಾಗಿ, ಬಿಡಿಬಿಡಿಯಾಗಿ ಮಾತಾಡಿದ. ಅವನು ತುಟಿ ಕಚ್ಚಿ ಸ್ಕ್ರೂ ಬಿಗಿಮಾಡಿ ಕೊಟ್ಟ.

ಅದಾಗಿ ಕೆಲವು ವಾರಗಳ ನಂತರ ಅಕ್ಕ, "ಅಂಥದ್ದೇನಿದ್ಯೋ ಆ ಆ್ಯಪಲ್ಲಿ? ನನಗೂ ತೋರ್ಸು" ಎಂದಳು. ಕರೆದುಕೊಂಡು ಹೋದ. ಬಾಗಿಲ ಬಳಿ ಚಿತ್ರಶಾಲೆಯವರೇ ಕೊಡುವ ದೊಡ್ಡ ಹೆಡ್‌ಫೋನನ್ನು ಅಕ್ಕನ ತಲೆಗೆ ಹಾಕಿ, ಸಂಖ್ಯೆ ಒತ್ತುವುದು ಹೇಗೆಂದು ತೋರಿಸಿದ. ಸುತ್ತ ಎಷ್ಟೊಂದು ಜನ ಹಾಗೇ ಕಿವಿಗೆ ಹಾಕಿಕೊಂಡು ನಿಂತಿದ್ದರು! ಅಜ್ಜಂದಿರು, ಮಕ್ಕಳು, ಗಂಡ ಹೆಂಡಿರು, ಯಾರೂ ಏನನ್ನೂ ಬಚ್ಚಿಡುತ್ತಿರಲಿಲ್ಲ. ಅದನ್ನು ನೋಡಿ ಅವನ ಮುಖ ಮತ್ತೊಮ್ಮೆ ಬಿಸಿಯಾಯಿತು.

ದೋಣಿಯ ಚಿತ್ರದ ಮುಂದೆ ಅಕ್ಕ ಮಿಸುಕದೆ ನಿಂತಳು. ಎರಡು ನಿಮಿಷ ಸುಮ್ಮನಿದ್ದ ಅಕ್ಕನನ್ನು ಅವನು ಎಂದೂ ಕಂಡಿರಲಿಲ್ಲ. ಏನು ಹೇಳುತ್ತಿದೆ ಎಂದು ಅವನು ಕೇಳಲಿಲ್ಲ, ತಾನೂ ಏನೂ ಹೇಳಲಿಲ್ಲ. ಅವಳ ಕೈಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತ.

"ಏನ್ ಚೆನ್ನಾಗ್ ಹೇಳ್ತಾನೋ ಇವನು!" ಹೆಡ್‌ಫೋನಿನೊಳಗಿನ ಅಕ್ಕ ಕೋಣೆಯೇ ಅದುರುವಂತೆ ಕೂಗಿದಳು. "ಇನ್ನೊಂದು ಸಲ ಹಾಕೋ!"

ಎಲ್ಲರೂ ತಿರುಗಿದರು. ಅವನು ಅಲ್ಲಿದ್ದವರಿಗೆಲ್ಲ ಕೈಮುಗಿದು, ಅದೇ ಸಂಖ್ಯೆಯನ್ನು ಮತ್ತೆ ಒತ್ತಿಕೊಟ್ಟ.